ಮನೆಯ ಮರಗೆಲಸದ ಶೆಡ್ಡಿಗೆ ಗಾಳಿ ಸೋಸುವ ಪೆಟ್ಟಿಗೆ: ಹೆಪಾ ಫಿಲ್ಟರ್ ಒಂದಿದ್ದರೆ ಸಾಕೆ?

ಪ್ರಶ್ನೆ: ಮೈಸೂರಿನ ನಮ್ಮ ಮನೆಗೆ ಅಂಟಿಕೊಂಡಿರುವ ಕಾರ್ ಶೆಡ್ಡನ್ನು ಈಗ ಮರಗೆಲಸಕ್ಕೆ ಬಳಸುತ್ತಿದ್ದೇನೆ. 12 ಅಡಿ ಅಗಲ, 15 ಅಡಿ ಉದ್ದ, 10 ಅಡಿ ಎತ್ತರ. ಮುಂದೆ ರೋಲಿಂಗ್ ಶಟರ್, ಒಳಗಿನಿಂದ ಮನೆಗೆ ಒಂದು ಬಾಗಿಲು. ವಾರಾಂತ್ಯದಲ್ಲಿ ತೇಗ, ಪ್ಲೈವುಡ್, ಎಂಡಿಎಫ್‌ಗಳಲ್ಲಿ ಸಣ್ಣಪುಟ್ಟ ಪೀಠೋಪಕರಣ ಮಾಡುತ್ತೇನೆ. ಟೇಬಲ್ ಸಾ, ಆರ್ಬಿಟಲ್ ಸ್ಯಾಂಡರ್, ಟ್ರಿಮ್ಮರ್ ಇವೆ. ಕೆಲಸ ಮುಗಿದ ಮರುದಿನವೂ ಸ್ಕೂಟರಿನ ಸೀಟಿನ ಮೇಲೆ ಧೂಳು ಕೂತಿರುತ್ತದೆ. ಒಳಮನೆಯಲ್ಲಿರುವ ನನ್ನ ತಾಯಿಗೆ ಉಬ್ಬಸದ ತೊಂದರೆ ಇದೆ. ಹಳೆಯ ಪೆಡಸ್ಟಲ್ ಫ್ಯಾನಿನ ಹಿಂದೆ ಒಂದು ಹೆಪಾ ಫಿಲ್ಟರ್ ಕಟ್ಟಿದರೆ ಸಾಕಾಗುತ್ತದೆಯೆ? ಬೇರೆ ಉಪಾಯವಿದ್ದರೆ ಯಾವ ಫ್ಯಾನು, ಯಾವ ಫಿಲ್ಟರ್, ಎಷ್ಟು ಹೊತ್ತು ಓಡಿಸಬೇಕು, ಬೆಂಕಿಯ ಅಪಾಯವಿಲ್ಲವೆ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ: ಪೆಡಸ್ಟಲ್ ಫ್ಯಾನಿಗೆ ಹೆಪಾ ಫಿಲ್ಟರ್, ಅಂದರೆ ಅತಿಸಣ್ಣ ಕಣಗಳನ್ನೂ ಹಿಡಿಯುವ ಮೇಲ್ದರ್ಜೆಯ ಫಿಲ್ಟರ್, ಕಟ್ಟುವ ಯೋಚನೆಯನ್ನು ಬಿಟ್ಟುಬಿಡಿ. ಅದಕ್ಕಿಂತ ಕೆಳದರ್ಜೆಯ, ಆದರೆ ಅಗಲವಾದ ನಾಲ್ಕು ಫಿಲ್ಟರ್‌ಗಳನ್ನು ಪೆಟ್ಟಿಗೆಯ ನಾಲ್ಕು ಮಗ್ಗುಲಿಗೆ ಕೂರಿಸಿ, ಮೇಲೆ 12 ಇಂಚಿನ ಒಂದು ಎಕ್ಸಾಸ್ಟ್ ಫ್ಯಾನನ್ನು ಗಾಳಿ ಹೊರಹಾಕುವಂತೆ ಜೋಡಿಸಿದರೆ ನಿಮ್ಮ ಶೆಡ್ಡಿಗೆ ಬೇಕಾದಷ್ಟು ಗಾಳಿ ಸೋಸಿ ಬರುತ್ತದೆ. ಮನೆಯಲ್ಲೇ ತಯಾರಿಸುವ ಇಂಥ ಸಾಧನದ ಬಲವನ್ನು ನಿರ್ಧರಿಸುವುದು ಫಿಲ್ಟರಿನ ದರ್ಜೆಗಿಂತ ಹೆಚ್ಚಾಗಿ ಅದರ ವಿಸ್ತೀರ್ಣ ಮತ್ತು ಜೋಡಣೆಯಲ್ಲಿ ಎಷ್ಟು ಬಿರುಕು ಉಳಿದಿದೆ ಎಂಬುದು. ತಾಯಿಯವರ ವಿಷಯದಲ್ಲಿ ಮಾತ್ರ ಈ ಪೆಟ್ಟಿಗೆಯೊಂದನ್ನೇ ನಂಬುವಂತಿಲ್ಲ. ಆ ಬಾಗಿಲಿನ ಬಗ್ಗೆ ಬೇರೆಯಾಗಿಯೇ ಹೇಳಬೇಕಾದದ್ದಿದೆ.

ಮೊದಲು ಧೂಳಿನ ಸ್ವಭಾವ. ಗರಗಸದ ಕೆಳಗೆ ರಾಶಿ ಬೀಳುವ ಹೊಟ್ಟು ಕಣ್ಣಿಗೆ ಕಾಣುತ್ತದೆ, ಗುಡಿಸಿದರೆ ಹೋಗುತ್ತದೆ. ಅದರಿಂದ ಶ್ವಾಸಕೋಶಕ್ಕೆ ದೊಡ್ಡ ಹಾನಿಯಿಲ್ಲ. ತೊಂದರೆ ಇರುವುದು ಕಾಣದ ಭಾಗದಲ್ಲಿ. 100 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಗಾತ್ರದ ಕಣ ನಿಮ್ಮ ಮೂಗಿನ ಎತ್ತರದಿಂದ ನೆಲಕ್ಕೆ ಬೀಳಲು ಕೆಲವೇ ಸೆಕೆಂಡು ಸಾಕು. 10 ಮೈಕ್ರಾನಿನ ಕಣಕ್ಕೆ, ಗಾಳಿ ಅಲುಗದೆ ನಿಂತಿದ್ದರೂ, ಏಳೆಂಟು ನಿಮಿಷ ಬೇಕು. ಒಂದು ಮೈಕ್ರಾನಿನದಕ್ಕೆ ಹತ್ತು-ಹನ್ನೆರಡು ಗಂಟೆ. ನಿಜವಾದ ಕೋಣೆಯಲ್ಲಿ ಗಾಳಿ ಎಂದೂ ಪೂರ್ತಿ ನಿಂತಿರುವುದಿಲ್ಲವಾದ್ದರಿಂದ ಸಣ್ಣ ಕಣಗಳು ಇನ್ನಷ್ಟು ಹೊತ್ತು ತೇಲುತ್ತವೆ. ಶನಿವಾರ ಸಂಜೆ ಸ್ಯಾಂಡರ್ ಆರಿಸಿದ ಮೇಲೂ ಭಾನುವಾರ ಬೆಳಿಗ್ಗೆ ಸೀಟಿನ ಮೇಲೆ ಹೊಸ ಪದರ ಕಾಣುವುದು ಇದರಿಂದಲೇ.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿಯೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮೂಗು ಮತ್ತು ಅದರ ಸುತ್ತಲಿನ ಕುಹರಗಳ ಕ್ಯಾನ್ಸರ್ ಅಲ್ಲಿನ ಮುಖ್ಯ ಕಾಳಜಿ. ವರ್ಷಗಟ್ಟಲೆ ದಿನವಿಡೀ ಧೂಳಿನಲ್ಲಿ ದುಡಿದವರ ಅನುಭವದಿಂದ ಬಂದ ತೀರ್ಮಾನವಿದು. ವಾರಾಂತ್ಯದ ಹವ್ಯಾಸಿಗಳು ಹೆದರಿ ಕೈಬಿಡಬೇಕಾಗಿಲ್ಲ, ಆದರೆ ಅಲಕ್ಷಿಸುವಂತೆಯೂ ಇಲ್ಲ. ತೇಗ ಮತ್ತು ಬೀಟೆಯ ಧೂಳು ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಕೆಲವರಿಗೆ ಉಸಿರಾಟದ ಅಲರ್ಜಿಯೂ ಬರುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯಾದ ನಿಯೋಶ್ ಶಿಫಾರಸು ಮಾಡುವ ಮಿತಿ ಘನ ಮೀಟರಿಗೆ 1 ಮಿಲಿಗ್ರಾಂ. ಯುರೋಪಿಯನ್ ಒಕ್ಕೂಟದಲ್ಲಿ ಗಟ್ಟಿಮರದ ಧೂಳಿಗೆ 2023ರಿಂದ ಇರುವ ಮಿತಿ 2 ಮಿಲಿಗ್ರಾಂ. ಈ ಅಂಕಿಗಳನ್ನು ನಿಮ್ಮ ಶೆಡ್ಡಿಗೆ ಅನ್ವಯಿಸಿ ನೋಡಿ. ಅದರ ಗಾತ್ರ 1800 ಘನ ಅಡಿ, ಅಂದರೆ ಸುಮಾರು 51 ಘನ ಮೀಟರ್. ಇಡೀ ಶೆಡ್ಡಿನ ಗಾಳಿ 1 ಮಿಲಿಗ್ರಾಂ ಮಿತಿಯನ್ನು ಮುಟ್ಟಲು ತೇಲಬೇಕಾದ ಧೂಳು ಬರಿಯ 51 ಮಿಲಿಗ್ರಾಂ, ಅಂದರೆ ಒಂದು ಗ್ರಾಮಿನ ಇಪ್ಪತ್ತನೇ ಒಂದು ಪಾಲು. ಎಂಡಿಎಫ್ ಹಲಗೆಯ ಅಂಚನ್ನು ಒಮ್ಮೆ ಸ್ಯಾಂಡ್ ಮಾಡಿ, ಸ್ಯಾಂಡರಿನ ಚೀಲವನ್ನು ಬಿಚ್ಚಿ ನೋಡಿದರೆ ಇದು ಎಷ್ಟು ಅಲ್ಪ ಎಂಬುದು ತಿಳಿಯುತ್ತದೆ.

ಆದುದರಿಂದ ಧೂಳನ್ನು ಹುಟ್ಟುವಲ್ಲಿಯೇ ಹಿಡಿಯುವುದು ಮೊದಲ ಕೆಲಸ. ಸೋಸುವ ಪೆಟ್ಟಿಗೆ ಎಷ್ಟೇ ದೊಡ್ಡದಿದ್ದರೂ ಧೂಳು ಅದನ್ನು ಸೇರುವ ಮೊದಲು ನಿಮ್ಮ ಮೂಗಿನ ಮುಂದೆಯೇ ಹಾದುಹೋಗುತ್ತದೆ. ಸ್ಯಾಂಡರಿನ ಜೊತೆಗೆ ಬರುವ ಬಟ್ಟೆಯ ಚೀಲ ದಪ್ಪ ಪುಡಿಯನ್ನು ಉಳಿಸಿಕೊಂಡು ಅತಿಸಣ್ಣ ಪುಡಿಯನ್ನು ಹೊರಕ್ಕೆ ಉಗುಳುತ್ತದೆ. ಅದನ್ನು ಕಳಚಿ ವ್ಯಾಕ್ಯೂಮ್ ಕ್ಲೀನರಿನ ಪೈಪು ಸಿಕ್ಕಿಸಿ. ಆ ವ್ಯಾಕ್ಯೂಮಿಗೆ ಮಾತ್ರ ಹೆಪಾ ಫಿಲ್ಟರ್ ಹಾಕಿಸುವುದು ಸೂಕ್ತ, ಏಕೆಂದರೆ ಅದರ ಮೋಟರಿಗೆ ಸಾವಿರಾರು ಪಾಸ್ಕಲ್‌ಗಳಷ್ಟು (ಪಾಸ್ಕಲ್ ಎಂದರೆ ಒತ್ತಡದ ಅಳತೆ) ಎಳೆತದ ಶಕ್ತಿ ಇರುತ್ತದೆ. ಟೇಬಲ್ ಸಾದ ಹೊಟ್ಟೆಯನ್ನು ಪ್ಲೈ ತುಂಡಿನಿಂದ ಮುಚ್ಚಿ ಅಲ್ಲಿಗೂ ಒಂದು ಪೈಪು ಕೊಡಿ. ಐಎಸ್ 9473 ಗುರುತಿರುವ ಎಫ್‌ಎಫ್‌ಪಿ2 ಮಾಸ್ಕನ್ನು ಸ್ಯಾಂಡಿಂಗ್ ಮಾಡುವಷ್ಟು ಹೊತ್ತೂ ಹಾಕಿಕೊಳ್ಳಿ. ಬಟ್ಟೆಯ ಮಾಸ್ಕಿನಿಂದ ಪ್ರಯೋಜನ ಕಡಿಮೆ. ಇಷ್ಟು ಮಾಡಿದ ಮೇಲೆ ಉಳಿಯುವ ಧೂಳೇ ಪೆಟ್ಟಿಗೆಯ ಪಾಲಿನದು.

ಈಗ ಹೆಪಾ ವಿಷಯ. ಹೆಪಾ ಫಿಲ್ಟರ್ 0.3 ಮೈಕ್ರಾನಿನ ಕಣಗಳಲ್ಲಿ ಶೇ. 99.97ರಷ್ಟನ್ನು ಹಿಡಿಯುತ್ತದೆ ಎಂಬುದು ನಿಜ. ಆದರೆ ಕೋಣೆಯ ಗಾಳಿ ಶುದ್ಧವಾಗುವುದು ಫಿಲ್ಟರಿನ ಮೂಲಕ ಹಾದ ಗಾಳಿಯ ಪ್ರಮಾಣವನ್ನು ಅದು ಹಿಡಿಯುವ ಪ್ರಮಾಣದಿಂದ ಗುಣಿಸಿದಷ್ಟು ಮಾತ್ರ. ಹೆಪಾದ ಹೆಣಿಗೆ ಬಹಳ ಒತ್ತಾಗಿರುವುದರಿಂದ ತನಗೆ ಗೊತ್ತುಪಡಿಸಿದ ಪೂರ್ಣ ಹರಿವಿನಲ್ಲಿ ಅದು ಸಾಮಾನ್ಯವಾಗಿ 200ರಿಂದ 250 ಪಾಸ್ಕಲ್‌ಗಳಷ್ಟು ತಡೆ ಒಡ್ಡುತ್ತದೆ. ಪೆಡಸ್ಟಲ್ ಫ್ಯಾನಿನ ರೆಕ್ಕೆಗಳು ತಡೆಯೇ ಇಲ್ಲದ ಬಯಲಿನಲ್ಲಿ ಗಾಳಿ ಬೀಸಲೆಂದು ಮಾಡಿದವು. ಅಷ್ಟು ತಡೆ ಎದುರಾದರೆ ಅವು ಸುಮ್ಮನೆ ಗಾಳಿಯನ್ನು ಕಲಕುತ್ತವೆ. ಮೇಲಾಗಿ ಅದರ ಪಂಜರ ಗುಂಡಾಗಿದ್ದು, ಫಿಲ್ಟರ್ ಚೌಕವಾಗಿರುತ್ತದೆ. ಗಾಳಿ ಸುಲಭದ ದಾರಿ ಹಿಡಿದು ಸುತ್ತಲಿನ ಸಂದಿಯಿಂದ ನುಗ್ಗುತ್ತದೆ. ನಿಮ್ಮ ಜೋಡಣೆಯಲ್ಲಿ ಹೆಪಾದ ಮೂಲಕ ಗಂಟೆಗೆ 100 ಘನ ಮೀಟರ್ ಹಾದಿತು ಎಂದುಕೊಳ್ಳಿ. ಸಿಗುವ ಶುದ್ಧ ಗಾಳಿ ಆ 100 ಮಾತ್ರ. ಶೇ. 50ರಷ್ಟನ್ನೇ ಹಿಡಿಯುವ ಫಿಲ್ಟರಿನ ಮೂಲಕ 750 ಘನ ಮೀಟರ್ ಹಾದರೆ 375 ಘನ ಮೀಟರ್ ಶುದ್ಧ ಗಾಳಿಗೆ ಸಮನಾಯಿತು. ಒಮ್ಮೆ ತಪ್ಪಿಸಿಕೊಂಡ ಕಣ ಮತ್ತೆ ಬಂದು ಸಿಕ್ಕಿಬೀಳಲು ಅವಕಾಶವಿದ್ದೇ ಇರುತ್ತದೆ. ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಗೆ ಒಂದೇ ಹಾದಿಯಲ್ಲಿ ಪೂರ್ತಿ ಶುದ್ಧವಾದ ಗಾಳಿ ಬೇಕು. ಅದೇ ಗಾಳಿ ಮತ್ತೆ ಮತ್ತೆ ಸುತ್ತುವ ಶೆಡ್ಡಿಗೆ ಆ ಕಟ್ಟುಪಾಡಿಲ್ಲ.

ಈ ತತ್ತ್ವವನ್ನೇ ನೆಚ್ಚಿದ ಪೆಟ್ಟಿಗೆ 2020ರಲ್ಲಿ, ಕೋವಿಡ್ ಕಾಲದಲ್ಲಿ, ಅಮೆರಿಕದಲ್ಲಿ ಹೆಸರಾಯಿತು. ಗಾಳಿಯ ಗುಣಮಟ್ಟದ ತಜ್ಞ ರಿಚರ್ಡ್ ಕೊರ್ಸಿ ಸೂಚಿಸಿದ ಕಲ್ಪನೆಯನ್ನು ಟೆಕ್ಸಸ್‌ನಲ್ಲಿ ಫಿಲ್ಟರ್ ಕಂಪನಿ ನಡೆಸುತ್ತಿದ್ದ ಜಿಮ್ ರೋಸೆಂತಾಲ್ ಕಟ್ಟಿ ತೋರಿಸಿದರು. ಅದಕ್ಕೇ ಅದನ್ನು ಕೊರ್ಸಿ-ರೋಸೆಂತಾಲ್ ಪೆಟ್ಟಿಗೆ ಎನ್ನುತ್ತಾರೆ. 20 ಇಂಚಿನ ನಾಲ್ಕೈದು ಮರ್ವ್-13 ಫಿಲ್ಟರ್‌ಗಳನ್ನು ಘನಾಕಾರವಾಗಿ ಟೇಪಿನಿಂದ ಅಂಟಿಸಿ ಮೇಲೊಂದು ಬಾಕ್ಸ್ ಫ್ಯಾನ್ ಇಟ್ಟರೆ ಮುಗಿಯಿತು. ಒಂದೇ ಫಿಲ್ಟರ್ ಇದ್ದಾಗ ಹಾಯುವ ಗಾಳಿಯನ್ನು ನಾಲ್ಕಕ್ಕೆ ಹಂಚಿದರೆ ಪ್ರತಿಯೊಂದರಲ್ಲಿ ವೇಗ ಕಾಲು ಭಾಗವಾಗುತ್ತದೆ. ತಡೆಯೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ದುರ್ಬಲ ಫ್ಯಾನೂ ಆಗ ಸಾಕಷ್ಟು ಗಾಳಿ ಎಳೆಯಬಲ್ಲದು. ಮರ್ವ್-13 ಎಂದರೆ 0.3ರಿಂದ 1 ಮೈಕ್ರಾನಿನ ಕಣಗಳಲ್ಲಿ ಕನಿಷ್ಠ ಶೇ. 50, 1ರಿಂದ 3 ಮೈಕ್ರಾನಿನವುಗಳಲ್ಲಿ ಶೇ. 85, ಅದಕ್ಕೂ ದೊಡ್ಡವುಗಳಲ್ಲಿ ಶೇ. 90ರಷ್ಟನ್ನು ಹಿಡಿಯಬೇಕೆಂಬ ದರ್ಜೆ. ಮರದ ಧೂಳಿನ ತೂಕದ ಬಹುಭಾಗ ಒಂದು ಮೈಕ್ರಾನಿಗಿಂತ ದೊಡ್ಡ ಕಣಗಳದ್ದೇ ಆದ್ದರಿಂದ ನಮಗೆ ಇದು ಚೆನ್ನಾಗಿಯೇ ಒದಗುತ್ತದೆ.

ಅಮೆರಿಕದ ಆ ಬಾಕ್ಸ್ ಫ್ಯಾನ್ ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಅದಕ್ಕಾಗಿ ಕೊರಗಬೇಕಾಗಿಯೂ ಇಲ್ಲ. ಚೌಕ ಚೌಕಟ್ಟಿನ ಆ ಫ್ಯಾನಿನ ನಾಲ್ಕು ಮೂಲೆಗಳಿಂದ ಗಾಳಿ ವಾಪಸು ಒಳಗೆ ಸೋರುವುದರಿಂದ ಅಲ್ಲಿನವರು ನಡುವೆ ದುಂಡು ತೂತಿರುವ ರಟ್ಟನ್ನು ಅದರ ಮೇಲೆ ಅಂಟಿಸಿಕೊಳ್ಳಬೇಕಾಯಿತು. ನಮ್ಮ ಲೋಹದ ಎಕ್ಸಾಸ್ಟ್ ಫ್ಯಾನಿನ ರೆಕ್ಕೆ ಹುಟ್ಟಿನಿಂದಲೇ ಬಿಗಿಯಾದ ಬಳೆಯೊಳಗೆ ತಿರುಗುತ್ತದೆ. ತಡೆಯ ಎದುರು ಅದು ಹೆಚ್ಚು ನಿಲ್ಲುತ್ತದೆ. 12 ಇಂಚಿನ, ಅಂದರೆ 300 ಮಿ.ಮೀ. ಎಕ್ಸಾಸ್ಟ್ ಫ್ಯಾನ್ ಮಾದರಿಗೆ ತಕ್ಕಂತೆ ಗಂಟೆಗೆ ಸಾವಿರದಿಂದ ಎರಡು ಸಾವಿರ ಘನ ಮೀಟರ್ ಗಾಳಿ ತಳ್ಳುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುತ್ತಾರೆ. ಅದು ಎದುರಿಗೆ ಏನೂ ಇಲ್ಲದಾಗಿನ ಲೆಕ್ಕ. ಪೆಟ್ಟಿಗೆಗೆ ಕೂರಿಸಿದ ಮೇಲೆ ಅರ್ಧ ಸಿಗುತ್ತದೆ ಎಂದು ಹಿಡಿಯಿರಿ, ಜೋಡಣೆ ಚೆನ್ನಾಗಿದ್ದರೆ ಅದಕ್ಕಿಂತ ಹೆಚ್ಚೇ ಬರುತ್ತದೆ. 1500ರ ಫ್ಯಾನ್ ತಂದರೆ 750 ಉಳಿಯಿತು. ಅದನ್ನು ನಿಮ್ಮ 51 ಘನ ಮೀಟರಿನಿಂದ ಭಾಗಿಸಿದರೆ ಗಂಟೆಗೆ ಹದಿನಾಲ್ಕಕ್ಕೂ ಹೆಚ್ಚು ಸಲ ಶೆಡ್ಡಿನಷ್ಟು ಗಾಳಿ ಪೆಟ್ಟಿಗೆಯೊಳಗೆ ಹಾದಂತೆ. ಅತಿಸಣ್ಣ ಕಣಗಳ ಮಟ್ಟಿಗೆ ಇದು ಏಳು ಸಲದ ಶುದ್ಧೀಕರಣಕ್ಕೆ, 1ರಿಂದ 3 ಮೈಕ್ರಾನಿನ ಕಣಗಳಿಗೆ ಹನ್ನೆರಡು ಸಲಕ್ಕೆ ಸಮ. ಮರಗೆಲಸದ ಕೋಣೆಗೆ ಆರರಿಂದ ಹತ್ತು ಸಲ ಇರಲೆಂದು ಸಾಮಾನ್ಯವಾಗಿ ಹೇಳುತ್ತಾರೆ. ಫ್ಯಾನ್ ಕೊಳ್ಳುವಾಗ ನಿಮಿಷಕ್ಕೆ 1400 ಸುತ್ತಿನದನ್ನೂ 900 ಸುತ್ತಿನದನ್ನೂ ಅಂಗಡಿಯಲ್ಲೇ ಓಡಿಸಿ ಸದ್ದು ಕೇಳಿ. ಸಾಲುವುದಾದರೆ ನಿಧಾನದ್ದನ್ನೇ ಕೊಳ್ಳಿ, ಏಕೆಂದರೆ ಸದ್ದಿನ ಕಾಟಕ್ಕೆ ಆರಿಸಿಟ್ಟ ಯಂತ್ರ ಯಾವ ದರ್ಜೆಯದಾದರೂ ಒಂದೇ.

ಫಿಲ್ಟರ್‌ಗಳನ್ನು ಸೆಂಟ್ರಲ್ ಎಸಿ ಮತ್ತು ಡಕ್ಟಿಂಗ್ ಕೆಲಸದವರಿಗೆ ಮಾಲು ಕೊಡುವವರಲ್ಲಿ ವಿಚಾರಿಸಿ. ಬೇಕಾದ ಅಳತೆಗೆ ಮಾಡಿಕೊಡುವವರೂ ಇದ್ದಾರೆ. ಮರ್ವ್-13 ಎಂದರೆ ಅವರಿಗೆ ತಿಳಿಯದಿದ್ದರೆ ಎಫ್7 ದರ್ಜೆಯ ಮಡಿಕೆ ಫಿಲ್ಟರ್ ಎನ್ನಿ. ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟದವು. ಒಂದು ಇಂಚಿನ ದಪ್ಪಕ್ಕಿಂತ ಎರಡು ಇಂಚಿನದು ಮೇಲು: ಮಡಿಕೆಗಳು ಆಳವಾಗಿ, ಹೆಣಿಗೆಯ ಒಟ್ಟು ವಿಸ್ತೀರ್ಣ ಹೆಚ್ಚಾಗಿ, ಆಯುಸ್ಸೂ ಹೆಚ್ಚುತ್ತದೆ. ತೊಳೆದು ಮತ್ತೆ ಬಳಸಬಹುದು ಎನ್ನುವ ನೈಲಾನ್ ಅಥವಾ ಅಲ್ಯೂಮಿನಿಯಂ ಜಾಲರಿಗಳು ಈ ಕೆಲಸಕ್ಕೆ ಬಾರವು. ಕಪ್ಪು ಸ್ಪಂಜಿನಂಥ ತೆಳು ಕಾರ್ಬನ್ ಪದರಕ್ಕೆ ಹಣ ಕೊಡಬೇಡಿ. ಅಯಾನ್ ಅಥವಾ ಓಜೋನ್ ಬಿಡುವ ಯಂತ್ರಗಳನ್ನಂತೂ ಉಬ್ಬಸದವರಿರುವ ಮನೆಗೆ ತರಲೇಬಾರದು. ಕೂಲರಿನ ಒದ್ದೆ ಹುಲ್ಲಿನ ಪ್ಯಾಡು ಧೂಳು ಹಿಡಿಯುವುದಿಲ್ಲವೆ ಎಂದು ಕೆಲವರು ಕೇಳುವುದುಂಟು. ಅದು ಹಿಡಿಯುವುದು ದಪ್ಪ ಧೂಳನ್ನು ಮಾತ್ರ. ಮರಕ್ಕೆ ಬೇಡದ ತೇವವನ್ನು ಶೆಡ್ಡಿಗೆ ತುಂಬುತ್ತದೆ.

ಕಟ್ಟುವ ಮೊದಲು ಫಿಲ್ಟರ್ ಕೈಯಲ್ಲಿರಲಿ. 20 ಇಂಚು ಎಂದು ಬರೆದಿರುವ ಫಿಲ್ಟರ್ ಅಳೆದಾಗ ಸಾಮಾನ್ಯವಾಗಿ ಅರ್ಧ ಇಂಚು ಕಡಿಮೆ ಇರುತ್ತದೆ. ಬರೆದದ್ದನ್ನು ನಂಬಿ ಪ್ಲೈ ಕತ್ತರಿಸಿದರೆ ಸುತ್ತಲೂ ಸಂದಿ ಉಳಿಯುತ್ತದೆ. ಕೆಳಗೆ 12 ಮಿ.ಮೀ. ಪ್ಲೈನ ತಳ, ಮೇಲೆ ಅದೇ ದಪ್ಪದ ಮುಚ್ಚಳ, ನಾಲ್ಕು ಮೂಲೆಗೆ ಒಂದೂವರೆ ಇಂಚಿನ ರೀಪಿನ ಕಂಬಗಳು: ಇಷ್ಟೇ ಅಸ್ಥಿಪಂಜರ. ಪ್ರತಿ ಮಗ್ಗುಲಿನಲ್ಲಿ ಕಂಬ, ತಳ ಮತ್ತು ಮುಚ್ಚಳದ ಅಂಚು ಸೇರಿ ಒಂದೇ ಮಟ್ಟದ ಚೌಕಟ್ಟಾಗಬೇಕು. ಆ ಚೌಕಟ್ಟಿನ ಹೊರಮೈಗೆ ಸುತ್ತಲೂ, ಮೂಲೆಯಲ್ಲೂ ತುಂಡಾಗದಂತೆ, ಫೋಮ್ ಟೇಪ್ ಅಂಟಿಸಿ ಅದರ ಮೇಲೆ ಫಿಲ್ಟರನ್ನು ಹೊರಗಿನಿಂದ ಇಡಿ. ಒಳಗಿನಿಂದ ಕೂರಿಸಬೇಡಿ. ಹೊರಗಿದ್ದರೆ ಫ್ಯಾನಿನ ಎಳೆತವೇ ಫಿಲ್ಟರನ್ನು ಫೋಮಿಗೆ ಒತ್ತಿ ಹಿಡಿಯುತ್ತದೆ. ಬೀಳದಿರಲು ಒಂದೊಂದು ಸ್ಕ್ರೂ ಮೇಲೆ ತಿರುಗುವ ಸಣ್ಣ ಮರದ ಪಟ್ಟಿಗಳು ಸಾಕು, ಬದಲಾಯಿಸುವುದೂ ಸುಲಭ. ಫಿಲ್ಟರಿನ ಚೌಕಟ್ಟಿನ ಮೇಲೆ ಅಚ್ಚಾಗಿರುವ ಬಾಣದ ಗುರುತು ಪೆಟ್ಟಿಗೆಯ ಒಳಮುಖವಾಗಿರಬೇಕು. ಮುಚ್ಚಳದಲ್ಲಿ ಫ್ಯಾನಿನ ಬಳೆಗೆ ಸರಿಯಾಗಿ ದುಂಡು ಕೊರೆದು, ಗಾಳಿ ಮೇಲಕ್ಕೆ ಹೋಗುವಂತೆ ಕೂರಿಸಿ, ಬಳೆಯ ಸುತ್ತ ಸಿಲಿಕೋನ್ ಹಚ್ಚಿ. ಮೋಟರಿನ ಮೇಲೆ ಹಾಯುವುದು ಆಗ ಸೋಸಿದ ಗಾಳಿಯಾದ್ದರಿಂದ ಅದು ತಣ್ಣಗೂ ಇರುತ್ತದೆ, ಧೂಳೂ ಮೆತ್ತುವುದಿಲ್ಲ.

ಸಂದಿಗಳ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಒಂದು ಲೆಕ್ಕವಿದೆ. ನಾಲ್ಕು ಫಿಲ್ಟರ್‌ಗಳ ಅಂಚಿನ ಒಟ್ಟು ಉದ್ದ ಸುಮಾರು 8 ಮೀಟರ್. ಅಷ್ಟುದ್ದಕ್ಕೂ ಬರಿಯ 2 ಮಿ.ಮೀ. ಬಿರುಕು ಉಳಿದರೆ 160 ಚದರ ಸೆಂಟಿಮೀಟರಿನ ಕಿಂಡಿ ತೆರೆದಂತಾಯಿತು. ಪೆಟ್ಟಿಗೆಯೊಳಗಿನ ಎಳೆತ ಹತ್ತು-ಹದಿನೈದು ಪಾಸ್ಕಲ್ ಇದ್ದರೂ ಆ ಕಿಂಡಿಯಿಂದ ಗಂಟೆಗೆ ಸುಮಾರು 150 ಘನ ಮೀಟರ್ ಗಾಳಿ ಸೋಸದೆಯೇ ಒಳಗೆ ನುಗ್ಗುತ್ತದೆ. ಮರ್ವ್-13ರ ಬದಲು ಹೆಪಾ ಹಾಕಿಯೂ ಈ ನಷ್ಟವನ್ನು ತುಂಬಲಾಗದು. 80 ರೂಪಾಯಿಯೋ 100 ರೂಪಾಯಿಯೋ ಕೊಟ್ಟು ತರುವ ಫೋಮ್ ಟೇಪ್ ತುಂಬುತ್ತದೆ.

ಮಡಿಕೆ ಫಿಲ್ಟರ್ ಬೇಗ ಕಟ್ಟದಿರಲು ಅದರ ಹೊರಗೆ ಬಿಳಿಯ ಹತ್ತಿಯಂತೆ ಕಾಣುವ ಸಿಂಥೆಟಿಕ್ ಪ್ರೀ-ಫಿಲ್ಟರ್ ಬಟ್ಟೆಯನ್ನು ಸುತ್ತಿ ಎಲಾಸ್ಟಿಕ್ಕಿನಿಂದ ಬಿಗಿಯಿರಿ. ವಾರಕ್ಕೊಮ್ಮೆ ಅದರ ಮೇಲೆ ವ್ಯಾಕ್ಯೂಮ್ ಹಿಡಿದರೆ ಸಾಕು. ಒಳಗಿನ ಮಡಿಕೆ ಫಿಲ್ಟರನ್ನು ಮಾತ್ರ ಬಡಿಯಬೇಡಿ, ತೊಳೆಯಬೇಡಿ, ಕಂಪ್ರೆಸರಿನ ಗಾಳಿ ಬಿಡಬೇಡಿ. ಇಂಥ ಅನೇಕ ಫಿಲ್ಟರ್‌ಗಳ ನಾರಿನಲ್ಲಿ ಸ್ಥಿರವಿದ್ಯುತ್ತಿನ ಆವೇಶ ತುಂಬಿರುತ್ತಾರೆ. ಅದು ಹೋದರೆ ಸಣ್ಣ ಕಣ ಹಿಡಿಯುವ ಶಕ್ತಿಯೂ ಹೋಗುತ್ತದೆ, ನೋಡಲು ಮಾತ್ರ ಫಿಲ್ಟರ್ ಹೊಸದರಂತೆಯೇ ಇರುತ್ತದೆ.

ಪೆಟ್ಟಿಗೆಯನ್ನು ಎಲ್ಲಿಡಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ. ಧೂಳು ಏಳುವ ಜಾಗ ನಿಮಗೂ ಪೆಟ್ಟಿಗೆಗೂ ನಡುವೆ ಇರಬೇಕು. ಸ್ಯಾಂಡಿಂಗ್ ಮಾಡುವ ಬೆಂಚಿನ ಆಚೆಬದಿಗೆ, ಬೆಂಚಿನ ಎತ್ತರಕ್ಕೆ ಬರುವಂತೆ ಚಕ್ರದ ಸ್ಟ್ಯಾಂಡಿನ ಮೇಲಿಟ್ಟರೆ ಧೂಳು ನಿಮ್ಮಿಂದ ದೂರಕ್ಕೆ ಎಳೆಯಲ್ಪಡುತ್ತದೆ; ಬೆನ್ನ ಹಿಂದೆ ಇಟ್ಟರೆ ಮುಖದ ಮೇಲಿಂದಲೇ ಹಾದುಬರುತ್ತದೆ. ಗೋಡೆಗೆ ಅಂಟಿಸಿಡಬೇಡಿ, ನಾಲ್ಕೂ ಬದಿಗೆ ಒಂದಡಿಯಾದರೂ ಬಿಡುವಿರಲಿ. ಮೊದಲ ಸಲ ಓಡಿಸುವ ಮುನ್ನ ಮೇಲಿನ ಸಜ್ಜಾ ಮತ್ತು ತೊಲೆಗಳ ಮೇಲಿನ ಹಳೆಯ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿಬಿಡಿ, ಇಲ್ಲವಾದರೆ ಮೇಲಕ್ಕೆ ಚಿಮ್ಮುವ ಗಾಳಿ ಅದನ್ನೆಲ್ಲ ಎಬ್ಬಿಸುತ್ತದೆ.

ಕಟ್ಟಿದ್ದು ಕೆಲಸ ಮಾಡುತ್ತಿದೆಯೆ ಎಂದು ತಿಳಿಯಲು ಮೈಸೂರಿನವರಿಗೆ ಊದುಬತ್ತಿಗಿಂತ ಕೈಗೆ ಸಿಗುವ ಸಾಧನ ಬೇಕೆ? ಫ್ಯಾನ್ ಓಡುವಾಗ ಹೊತ್ತಿಸಿದ ಬತ್ತಿಯನ್ನು ಫಿಲ್ಟರಿನ ಅಂಚುಗಳಲ್ಲಿ, ಕೆಳಮೂಲೆಗಳಲ್ಲಿ ನಿಧಾನವಾಗಿ ಸರಿಸಿ. ಹೊಗೆ ಫಿಲ್ಟರಿನ ಮೈಗೆ ಹರಡಿಕೊಂಡು ಹೋದರೆ ಸರಿ. ಸೂಜಿಯಂತೆ ಸಣ್ಣಗಾಗಿ ಒಂದೇ ಕಡೆ ನುಸುಳಿದರೆ ಅಲ್ಲಿ ಸೋರಿಕೆಯಿದೆ. ಪಿಎಂ 2.5, ಅಂದರೆ ಗಾಳಿಯಲ್ಲಿರುವ 2.5 ಮೈಕ್ರಾನಿಗಿಂತ ಸಣ್ಣ ಕಣಗಳ ಪ್ರಮಾಣ, ತೋರಿಸುವ ಸಣ್ಣ ಮೀಟರ್ ಸಿಕ್ಕಿದರೆ ಇನ್ನೂ ಮುಂದೆ ಹೋಗಬಹುದು. ಶಟರ್ ಮುಚ್ಚಿ, ಪೆಟ್ಟಿಗೆ ಆರಿಸಿಟ್ಟು, ನಾಲ್ಕಾರು ಬತ್ತಿ ಉರಿಸಿ ಅಂಕಿ 400 ದಾಟಿದ ಮೇಲೆ ನಂದಿಸಿ. ಪೆಟ್ಟಿಗೆ ಓಡಿಸಿ, 400ರಿಂದ 200ಕ್ಕೆ ಇಳಿಯಲು ಎಷ್ಟು ನಿಮಿಷ ಹಿಡಿಯಿತೆಂದು ಬರೆದುಕೊಳ್ಳಿ. 42ನ್ನು ಆ ನಿಮಿಷಗಳಿಂದ ಭಾಗಿಸಿದರೆ ಗಂಟೆಗೆ ಎಷ್ಟು ಸಲ ಗಾಳಿ ಶುದ್ಧವಾಗುತ್ತಿದೆ ಎಂಬ ಅಂಕಿ ಸಿಗುತ್ತದೆ. ಆರು ನಿಮಿಷವಾದರೆ ಏಳು ಸಲ. ಪೆಟ್ಟಿಗೆ ಆರಿಸಿ ಇದನ್ನೇ ಇನ್ನೊಮ್ಮೆ ಮಾಡಿ, ಶಟರಿನ ಸಂದಿಗಳಿಂದ ತಾನಾಗಿಯೇ ಆಗುವ ಇಳಿಕೆಯನ್ನು ಕಳೆಯಿರಿ. ಊದುಬತ್ತಿಯ ಹೊಗೆಯ ಕಣಗಳು ಬಹುಪಾಲು ಒಂದು ಮೈಕ್ರಾನಿಗಿಂತ ಸಣ್ಣವು, ಅಂದರೆ ಈ ಫಿಲ್ಟರಿಗೆ ಅತ್ಯಂತ ಕಠಿಣವಾದವು; ಮರದ ಧೂಳಿನಲ್ಲಿ ಫಲಿತಾಂಶ ಇದಕ್ಕಿಂತ ಉತ್ತಮವೇ ಇರುತ್ತದೆ. ಪರೀಕ್ಷೆಯ ಹೊತ್ತಿನಲ್ಲಿ ನೀವು ಒಳಗೆ ನಿಲ್ಲಬೇಡಿ, ಒಳಮನೆಯ ಬಾಗಿಲು ಮುಚ್ಚಿರಲಿ.

ಫಿಲ್ಟರ್ ಯಾವಾಗ ಬದಲಿಸಬೇಕೆಂದು ತಿಂಗಳ ಲೆಕ್ಕದಲ್ಲಿ ಹೇಳಲಾಗದು, ಅದು ನಿಮ್ಮ ಕೆಲಸದ ಮೇಲೆ ಹೋಗುತ್ತದೆ. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪಿನ ಒಂದು ತುಂಡು ಇದನ್ನು ಹೇಳಬಲ್ಲದು. ಬಾಯಿ ತೆರೆದ ಅಗಲವಾದ ಪುಟ್ಟ ಸೀಸೆಗೆ ಬಣ್ಣದ ನೀರು ತುಂಬಿ, ಅದರಲ್ಲಿ ಪೈಪಿನ ಒಂದು ತುದಿ ಮುಳುಗಿಸಿ, ಪೈಪನ್ನು ಹತ್ತು ಸೆಂಟಿಮೀಟರಿಗೆ ಒಂದು ಸೆಂಟಿಮೀಟರ್ ಏರುವಂತೆ ಹಲಗೆಯ ಮೇಲೆ ಓರೆಯಾಗಿ ಬಿಗಿದು, ಇನ್ನೊಂದು ತುದಿಯನ್ನು ಮುಚ್ಚಳದ ಸಣ್ಣ ತೂತಿನಿಂದ ಪೆಟ್ಟಿಗೆಯೊಳಗೆ ಬಿಡಿ. ಹದಿನೈದು ಪಾಸ್ಕಲ್ ಎಳೆತಕ್ಕೆ ನೀರು ನೇರವಾಗಿ ಏರುವುದು ಒಂದೂವರೆ ಮಿ.ಮೀ. ಮಾತ್ರ, ಕಣ್ಣಿಗೆ ಹತ್ತುವುದಿಲ್ಲ. ಓರೆಯ ಪೈಪಿನಲ್ಲಿ ಅದೇ 15 ಮಿ.ಮೀ. ಸರಿಯುತ್ತದೆ. ಹೊಸ ಫಿಲ್ಟರ್ ಇದ್ದಾಗಿನ ಜಾಗದಲ್ಲಿ ಪೆನ್ನಿನಿಂದ ಗೆರೆ ಎಳೆಯಿರಿ. ಪ್ರೀ-ಫಿಲ್ಟರ್ ಸ್ವಚ್ಛಗೊಳಿಸಿದ ಮೇಲೂ ನೀರು ಆ ದೂರದ ಎರಡರಷ್ಟು ಸರಿಯುತ್ತಿದ್ದರೆ ಬದಲಿಸುವ ಹೊತ್ತು ಬಂದಿದೆ.

ಓಡಿಸುವ ಅವಧಿಗೆ ಲೆಕ್ಕ ಸರಳ. ಗಂಟೆಗೆ ಏಳು ಸಲ ಶುದ್ಧವಾಗುತ್ತಿದ್ದರೆ ಶೇ. 90ರಷ್ಟು ಕಣ ಹೋಗಲು 20 ನಿಮಿಷ, ಶೇ. 99 ಹೋಗಲು 40 ನಿಮಿಷ. ಕೆಲಸ ಶುರುವಾಗುವಾಗಲೇ ಹಾಕಿ, ಮುಗಿದ ಮೇಲೆ ಮುಕ್ಕಾಲು ಗಂಟೆ ಬಿಡಿ. ಆ ಹೊತ್ತಿನಲ್ಲಿ ಪೊರಕೆ ಹಿಡಿಯಬೇಡಿ. ಬ್ಲೋಯರಿನಿಂದ ಬೆಂಚು ಊದುವ ಅಭ್ಯಾಸವಿದ್ದರೆ ಅದನ್ನೂ ಬಿಡಿ. ಕೆಳಗೆ ಕೂತದ್ದನ್ನು ಮತ್ತೆ ತೇಲಿಸುವ ಕೆಲಸ ಅದು. ವ್ಯಾಕ್ಯೂಮ್ ಅಥವಾ ಒದ್ದೆ ಬಟ್ಟೆ ಸಾಕು.

ಇನ್ನು ತಾಯಿಯವರ ವಿಷಯ. ಈ ಪೆಟ್ಟಿಗೆ ಶೆಡ್ಡಿನ ಗಾಳಿಯನ್ನು ಶೆಡ್ಡಿನಲ್ಲೇ ಸುತ್ತಿಸುತ್ತದೆ. ಒಳಮನೆಯ ಕಡೆಗೆ ಗಾಳಿ ಹರಿಯುವುದನ್ನು ಅದು ತಡೆಯುವುದಿಲ್ಲ. ಅಡುಗೆಮನೆಯಲ್ಲಿ ಚಿಮಣಿ ಹಾಕಿದಾಗ ಮನೆಯಿಂದ ಗಂಟೆಗೆ ನೂರಾರು ಘನ ಮೀಟರ್ ಗಾಳಿ ಹೊರಹೋಗುತ್ತದೆ, ಆ ಕೊರತೆ ತುಂಬಲು ಸಿಕ್ಕಿದ ಸಂದಿಯಿಂದೆಲ್ಲ ಗಾಳಿ ಒಳಬರುತ್ತದೆ, ನಿಮ್ಮ ಶೆಡ್ಡಿನ ಬಾಗಿಲೂ ಅಂಥ ಒಂದು ಸಂದಿ. ಮೊದಲು ಆ ಬಾಗಿಲಿನ ಸುತ್ತ ರಬ್ಬರ್ ಪಟ್ಟಿ, ಅಡಿಯಲ್ಲಿ ಡೋರ್ ಸೀಲ್ ಹಾಕಿಸಿ. ಅನಂತರ ಶೆಡ್ಡಿನ ಹೊರಗೋಡೆಗೆ 6 ಇಂಚಿನ ಸಣ್ಣ ಎಕ್ಸಾಸ್ಟ್ ಫ್ಯಾನ್ ಕೂರಿಸಿ, ಕೆಲಸದ ಹೊತ್ತಿನಲ್ಲಿ ಗಾಳಿಯನ್ನು ಹೊರಕ್ಕೆ ತಳ್ಳಲಿ. ಆಗ ಶೆಡ್ಡಿನೊಳಗಿನ ಒತ್ತಡ ಕೊಂಚ ತಗ್ಗಿ, ಬಾಗಿಲಿನಲ್ಲಿ ಗಾಳಿ ಮನೆಯಿಂದ ಶೆಡ್ಡಿನ ಕಡೆಗೆ ಹರಿಯುತ್ತದೆ. ಬಾಗಿಲಿನ ಅಡಿಯಲ್ಲಿ ಊದುಬತ್ತಿ ಹಿಡಿದು ಹೊಗೆ ಎತ್ತ ಹೋಗುತ್ತದೆಂದು ನೋಡಿ; ಚಿಮಣಿ ಓಡುವಾಗ ಒಮ್ಮೆ, ಆರಿಸಿದಾಗ ಒಮ್ಮೆ. ಚಿಮಣಿಯೇ ಗೆಲ್ಲುವುದಾದರೆ ಅಡುಗೆಯ ಹೊತ್ತಿನಲ್ಲಿ ಸ್ಯಾಂಡಿಂಗ್ ಬೇಡ. ಕೆಲಸದ ಅಂಗಿಯನ್ನು ಶೆಡ್ಡಿನಲ್ಲೇ ಬಿಚ್ಚಿಟ್ಟು ಒಳಗೆ ಹೋಗಿ. ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ತಾಯಿಯವರಿಗೆ ಹೆಚ್ಚು ಉಪಕಾರವಾಗುವುದು ಈ ಬಾಗಿಲು ಮತ್ತು ಈ ಸಣ್ಣ ಫ್ಯಾನಿನಿಂದ. ದೊಡ್ಡ ಪೆಟ್ಟಿಗೆ ನಿಮ್ಮ ಶ್ವಾಸಕೋಶಕ್ಕೆ.

ಬೆಂಕಿಯ ಅನುಮಾನ ಸಹಜ. ಮರದ ಧೂಳು ಗಾಳಿಯಲ್ಲಿ ಸ್ಫೋಟಿಸಲು ಘನ ಮೀಟರಿಗೆ ಹತ್ತಾರು ಗ್ರಾಂ ತೇಲುತ್ತಿರಬೇಕು. ಅಷ್ಟಾದರೆ ನಿಮ್ಮ ಕೈಯೇ ನಿಮಗೆ ಕಾಣದು. ಪೆಟ್ಟಿಗೆಯ ಮಟ್ಟಿಗೆ ಆ ಭಯ ಬೇಡ. ಭಯ ಬೇಕಾದದ್ದು ಕಿಡಿಗೆ. ಅದೇ ಶೆಡ್ಡಿನಲ್ಲಿ ಆಂಗಲ್ ಗ್ರೈಂಡರಿನಿಂದ ಕಬ್ಬಿಣ ಕತ್ತರಿಸುವುದಿದ್ದರೆ ಪೆಟ್ಟಿಗೆಯನ್ನು ಆರಿಸಿ ಹೊರಗಿಡಿ. ಹೊಟ್ಟು ತುಂಬಿದ ಫಿಲ್ಟರಿಗೆ ಎಳೆದುಕೊಂಡ ಒಂದು ಕಿಡಿ ಒಳಗೇ ಕನಲಿ, ನೀವು ಮಲಗಿದ ಮೇಲೆ ಉರಿಯಬಹುದು. ಎನ್‌ಸಿ ಲ್ಯಾಕರ್, ಥಿನ್ನರ್, ಪಾಲಿಶ್ ಸ್ಪ್ರೇ ಮಾಡುವಾಗಲೂ ಓಡಿಸಬಾರದು: ಆವಿಯನ್ನು ಈ ಫಿಲ್ಟರ್ ಹಿಡಿಯುವುದಿಲ್ಲ, ಸಾಧಾರಣ ಮೋಟರ್ ಮತ್ತು ಸ್ವಿಚ್ಚು ಸುಡುವ ಆವಿಯಲ್ಲಿ ಬಳಸಲು ಮಾಡಿದವೂ ಅಲ್ಲ. ಆ ಕೆಲಸಕ್ಕೆ ಶಟರ್ ತೆರೆದಿಡುವುದೇ ದಾರಿ. ಎಂಡಿಎಫ್‌ನಿಂದ ಹೊರಡುವ ಫಾರ್ಮಾಲ್ಡಿಹೈಡ್ ಅನಿಲಕ್ಕೂ ಇದೇ ಮಾತು. ಫ್ಯಾನಿಗೆ ಮೂರು ತಂತಿಯ ಕೇಬಲ್ ಕೊಟ್ಟು ಲೋಹದ ಬಳೆಗೆ ಅರ್ಥ್ ಮಾಡಿಸಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನಾಗಿ ಕಡಿದುಹಾಕುವ ಸ್ವಿಚ್ಚು) ಇರುವ ಸಾಲಿನಿಂದ ವಿದ್ಯುತ್ ತೆಗೆದುಕೊಳ್ಳಿ. ಮೇಲೆ ತೆರೆದ ರೆಕ್ಕೆಗೆ ಬೆರಳು ಹೋಗದಷ್ಟು ಒತ್ತಾದ ಜಾಲರಿ ಕಡ್ಡಾಯ.

ಮಳೆಗಾಲದಲ್ಲಿ ಒಂದು ಎಚ್ಚರ ಬೇಕು. ಮರದ ಪುಡಿ ತುಂಬಿದ ಫಿಲ್ಟರ್ ವಾರಗಟ್ಟಲೆ ತೇವದಲ್ಲಿ ಸುಮ್ಮನಿದ್ದರೆ ಬೂಷ್ಟು ಹಿಡಿಯುತ್ತದೆ, ಮುಂದೆ ಫ್ಯಾನ್ ಹಾಕಿದಾಗ ಅದರ ವಾಸನೆಯೂ ಬೀಜಕಗಳೂ ಹೊರಬರುತ್ತವೆ. ಕೆಲಸವಿಲ್ಲದ ವಾರಗಳಲ್ಲೂ ಬಿಸಿಲು ಕಂಡ ದಿನ ಅರ್ಧ ಗಂಟೆ ಓಡಿಸಿ. ವಾಸನೆ ಬಂದರೆ ಪೈಪಿನ ಗೆರೆಗೆ ಕಾಯದೆ ಬದಲಿಸಿ. ಬದಲಿಸುವುದನ್ನು ಶಟರಿನ ಹೊರಗೆ, ಮಾಸ್ಕ್ ಹಾಕಿಕೊಂಡು ಮಾಡಿ. ಕಳಚಿದ ಫಿಲ್ಟರನ್ನು ಅಲ್ಲಾಡಿಸದೆ ನೇರವಾಗಿ ದೊಡ್ಡ ಪ್ಲಾಸ್ಟಿಕ್ ಚೀಲಕ್ಕೆ ಇಳಿಸಿ ಬಾಯಿ ಕಟ್ಟಿ, ಒಣಕಸದ ಗಾಡಿಗೆ ಕೊಡಿ.